ಮೂರು ಪಟ್ಟು ಜೋರಿನ ಲಾಲಿ

ಬಸಲಿಂಗ ಎಂಬ ಶಿಷ್ಯ ಗುರುಗಳ ಮುಂದೆ ಕೂತು ಕೇಳಿದ:

“ಅಯ್ಯಾ, ಮಠದ ಬೆಳಗಿನ ಪ್ರಾರ್ಥನೆಗೆ ನಾನೂ ರಾಗ ಕಟ್ಟಿದೆ, ಮರುಳಯ್ಯನೂ ಕಟ್ಟಿದ. ಇಬ್ಬರೂ ಕಂಪ್ಯೂಟರಿನಲ್ಲಿ ಕೋಡ್ ಬರೆದೇ ಕಟ್ಟಿದ್ದು. ನನ್ನದರಲ್ಲಿ ಮರುಳಯ್ಯನದಕ್ಕಿಂತ ಸ್ವರಗಳು ಹೆಚ್ಚು, ದನಿಯೂ ಹೆಚ್ಚು. ಆದರೂ ತಾವು ಮರುಳಯ್ಯನದನ್ನೇ ಆರಿಸಿದಿರಿ. ನನ್ನದರಲ್ಲಿ ಕಡಿಮೆಯಾದದ್ದೇನು?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರಾಗ ಕಟ್ಟುವವನಿದ್ದ. ನಿನ್ನ ಹಾಗೆಯೇ ಕಂಪ್ಯೂಟರಿಗೆ ಸಾಲು ಸಾಲಾಗಿ ಬರೆದು ಕೊಡುತ್ತಿದ್ದ, ಅದು ನುಡಿಸುತ್ತಿತ್ತು. ಅವನ ನೆರೆಯವನದೂ ಅದೇ ಕೆಲಸ. ಎರಡು ಮನೆಗೂ ನಡುವೆ ಒಂದೇ ಗೋಡೆ.

ಇವನಿಗೊಬ್ಬಳು ಹಸುಗೂಸು ಮಗಳು. ಮಧ್ಯಾಹ್ನ ಅವಳನ್ನು ಮಲಗಿಸಲು ಇವನು ಒಂದು ಲಾಲಿ ಕಟ್ಟಿದ. ಮಗು ಮಲಗಲಿಲ್ಲ. ಗೋಡೆಯಾಚೆ ನೆರೆಯವನು ತನ್ನ ಮಗನಿಗೆಂದು ಕಟ್ಟಿದ ಲಾಲಿ ಕೇಳಿಬಂತು. ಮಗು ಅದಕ್ಕೆ ನಿದ್ದೆಹೋಯಿತು.

ಮರುದಿನ ಹೆಂಡತಿ ಜೋಳಿಗೆಯ ತೊಟ್ಟಿಲನ್ನು ಬಿಚ್ಚಿ ಆ ಗೋಡೆಯ ಪಕ್ಕಕ್ಕೇ ಕಟ್ಟಿದಳು. ಇವನ ಎದೆಯಲ್ಲಿ ಕಿಚ್ಚು ಬಿತ್ತು. ತನ್ನ ಮಗಳು ದಿನವೂ ಇನ್ನೊಬ್ಬನ ಹಾಡಿಗೆ ಮಲಗುವುದನ್ನು ನೋಡಿ ನೋಡಿ ಅನ್ನ ಸೇರದಾಯಿತು.

ಕೊನೆಗೆ ನೆರೆಯವನ ಮನೆಗೆ ಹೋಗಿ ಆ ಲಾಲಿಯ ಕೋಡ್ ಕೇಳಿದ. ನೆರೆಯವನು ನಕ್ಕು ಕೊಟ್ಟುಬಿಟ್ಟ.

ಮನೆಗೆ ತಂದು ನೋಡಿದರೆ ಸ್ವರಗಳೆಲ್ಲ ತಾನು ಬರೆದವೇ; ಇಬ್ಬರೂ ಹಿಡಿದದ್ದು ಊರಿನ ಹಳೆಯ ಲಾಲಿಯ ಧಾಟಿಯನ್ನೇ. ಪ್ರತಿ ಸ್ವರದ ಪಕ್ಕ ಇರುವ ಎರಡು ಅಂಕಿ ಮಾತ್ರ ಬೇರೆ. ಒಂದು, ಸ್ವರ ಎಷ್ಟು ಜೋರಾಗಿರಬೇಕು ಎನ್ನುವುದಕ್ಕೆ. ಇನ್ನೊಂದು, ಎಷ್ಟು ಹೊತ್ತು ಹಿಡಿದು ಬಿಡಬೇಕು ಎನ್ನುವುದಕ್ಕೆ. ನೆರೆಯವನು ಒಂದು ಸ್ವರಕ್ಕೆ ನಲವತ್ತೈದರ ಜೋರು ಕೊಟ್ಟಿದ್ದ, ಮುಂದಿನದಕ್ಕೆ ಐವತ್ತೆರಡು, ಅದರ ಮುಂದಿನದಕ್ಕೆ ಅರವತ್ತು. ಕೆಲವು ಸ್ವರಗಳನ್ನು ಅರ್ಧಕ್ಕೇ ಬಿಟ್ಟು ಉಳಿದ ಹೊತ್ತನ್ನು ಖಾಲಿ ಇಟ್ಟಿದ್ದ.

ಇದ್ದದ್ದನ್ನು ಇದ್ದ ಹಾಗೆ ನುಡಿಸಿದರೆ ಅದು ಅವನ ಹಾಡೇ ಆಗುತ್ತದಲ್ಲ! ಇವನಿಗೆ ಅದು ಬೇಡ. ತನ್ನದು ಅವನದಕ್ಕಿಂತ ಮೇಲಾಗಬೇಕು. ಜೋರಿನ ಅಂಕಿಗಳನ್ನೆಲ್ಲ ಮೂರು ಪಟ್ಟು ಮಾಡಿದ. ಖಾಲಿ ಇದ್ದ ಜಾಗವನ್ನೆಲ್ಲ ಸ್ವರ ಎಳೆದು ತುಂಬಿಸಿದ. ಆದರೆ ಆ ಯಂತ್ರದ ಜೋರು ನೂರ ಇಪ್ಪತ್ತೇಳಕ್ಕೆ ನಿಲ್ಲುತ್ತದೆ, ಅದರ ಮೇಲೆ ಏರುವುದಿಲ್ಲ. ನಲವತ್ತೈದೂ ಅಲ್ಲಿಗೇ ಮುಟ್ಟಿತು, ಅರವತ್ತೂ ಅಲ್ಲಿಗೇ ಮುಟ್ಟಿತು. ಏರಿಳಿತ ಹೋಯಿತು. ಸ್ವರಗಳ ನಡುವೆ ಉಸಿರಾಡಲು ಸಂದಿಲ್ಲದಾಯಿತು.

ನುಡಿಸಿದಾಗ ಮಗು ಬೆಚ್ಚಿಬಿದ್ದು ಕಿರುಚಿತು. ಹೆಂಡತಿ ಒಳಗಿನಿಂದಲೇ ಕೂಗಿದಳು: “ನಿಮ್ಮ ಲಾಲಿಗೆ ಬೀದಿ ನಾಯಿಗಳೂ ಎದ್ದು ಕೂತವು, ಹಾಲುಗಲ್ಲದ ಕೂಸು ಮಲಗೀತೇ? ನಿಲ್ಲಿಸಿ ಮಾರಾಯರೇ!”

ಅವನು ಉರಿಯುತ್ತ ನೆರೆಯವನ ಬಾಗಿಲಿಗೆ ಹೋದ. “ಏನನ್ನೋ ಮುಚ್ಚಿಟ್ಟುಕೊಂಡು ಕೊಟ್ಟಿದ್ದೀಯ ನೀನು. ಏನದು, ಹೇಳು.”

“ಮುಚ್ಚಿಡೋಕೆ ಏನಿದೆಯಣ್ಣ? ಬರೆಯೋವಾಗ ನನ್ನ ಮಗ ತೊಡೆ ಮೇಲಿದ್ದ. ಯಾವ ಸ್ವರಕ್ಕೆ ಬೆಚ್ಚಿದನೋ ಅದರ ಅಂಕಿ ಇಳಿಸಿದೆ. ಅವನು ಉಸಿರು ಬಿಟ್ಟ ಕಡೆ ನಾನೂ ಸ್ವರ ಬಿಟ್ಟೆ. ಅಷ್ಟೇ. ನೀನು ಬರೆಯೋವಾಗ ನಿನ್ನ ಮಗಳು ಎಲ್ಲಿದ್ದಳು?”

ಅವನು ಬರೆಯುವಾಗ ಮಗು ಹೊರಗೆ ಅಳುತ್ತಿತ್ತು, ಲಾಲಿ ಬರೆಯುವುದಕ್ಕೆ ಅಡ್ಡಿಯಾಗುತ್ತದೆಂದು ಅವನು ಕದ ಹಾಕಿಕೊಂಡಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಬಸಲಿಂಗ ನಿಟ್ಟುಸಿರಿಟ್ಟ. “ಪಾಪ, ಹೊಟ್ಟೆಕಿಚ್ಚಿನವನು. ನನಗೆ ಅಂಥದ್ದೇನಿಲ್ಲ, ಅಯ್ಯಾ. ಪ್ರಾರ್ಥನೆ ಚೆನ್ನಾಗಿರಲಿ ಎಂದಷ್ಟೇ ಕೇಳಿದೆ.”

ಗುರುಗಳು ಹೇಳಿದರು: “ನೀನು ಕೇಳಿದ ಪ್ರಶ್ನೆಯಲ್ಲಿ ಮರುಳಯ್ಯನ ಹೆಸರು ಮೂರು ಸಲ ಬಂತು ಮಗು, ಶಿವನ ಹೆಸರು ಒಂದು ಸಲವೂ ಬರಲಿಲ್ಲ.”