ಹಳೆಯ ಕೊಡಲಿಯ ಒಪ್ಪಿಗೆ

ಜೇನು ಕೀಳುವ ಕೇತಮ್ಮ ಕಾಡಿಗೊಂದು ಹೊಸ ಕೈಗೊಡಲಿ ಆರಿಸಲು ಕುಲುಮೆಗೆ ಹೋದಳು. ಹಳೆಯ ಕೊಡಲಿಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಅದರ ಒಪ್ಪಿಗೆಯಿಲ್ಲದೆ ಅವಳ ಮನೆಗೆ ಹೊಸದು ಬರುವಂತಿರಲಿಲ್ಲ. ಹಳೆಯದಕ್ಕೋ ಹೊಟ್ಟೆ ಉರಿಯುತ್ತಿತ್ತು.

ಅವಳು ಕೈಗೆತ್ತಿಕೊಂಡ ಕೊಡಲಿ ಬಾಯಿಂದ ಹಿಡಿಯ ತುದಿಯವರೆಗೂ ಒಂದೇ ಉಕ್ಕು. ಹಿಡಿತಕ್ಕೆಂದು ಎರಡು ಬದಿಗೂ ಮರದ ಪಟ್ಟಿ ಬಡಿದಿದ್ದರು, ಅಷ್ಟೆ.

"ಏನಪ್ಪಾ, ಇವನನ್ನು ಕರೆದುಕೊಂಡು ಹೋಗೋಣವೇ?" ಎಂದು ಕೇತಮ್ಮ ಹಳೆಯದನ್ನು ಕೇಳಿದಳು.

"ಭಾರ ಜಾಸ್ತಿ. ಏಟು ಹಾಕಿದರೆ ಅಂಗೈ ಜುಮ್ಮೆನ್ನುತ್ತದೆ."

"ನಿಜ," ಎಂದು ಹೊಸದು ಒಪ್ಪಿಕೊಂಡಿತು. "ತಲೆಗೆ ಬಿದ್ದ ಪೆಟ್ಟು ನನ್ನ ಬಾಲಕ್ಕೂ ತಿಳಿಯುತ್ತದೆ. ನಾನಿರುವುದೇ ಹಾಗೆ."

ಹಳೆಯದಕ್ಕೆ ಹೋದ ಬೇಸಿಗೆ ನೆನಪಾಯಿತು. ಕರಡಿಯೊಂದು ಎದುರಿಗೆ ಎದ್ದು ನಿಂತಿತ್ತು. ಕೇತಮ್ಮ ಕೊಡಲಿ ಬೀಸಿದ ರಭಸಕ್ಕೆ, ಬಿಸಿಲಿಗೆ ಒಣಗಿ ಸಡಿಲವಾಗಿದ್ದ ಮರದ ಕಾವಿನಿಂದ ಅದರ ತಲೆ ಕಳಚಿ ಪೊದೆಗೆ ಹಾರಿತ್ತು. ಬರಿಯ ಕೋಲು ಹಿಡಿದು ನಿಂತವಳನ್ನು ನೋಡಿ ಕರಡಿಯೇ ಅಯ್ಯೋ ಪಾಪ ಎಂದು ಹೊರಟುಹೋಗಿತ್ತು.

"ತಗೋ ತಾಯಿ, ಇವನನ್ನೇ ತಗೋ," ಎಂದಿತು ಹಳೆಯದು. "ಇವನು ನಡುನೀರಿನಲ್ಲಿ ಕೈಬಿಡುವವನಲ್ಲ."

ಸಂಜೆ ಕೇತಮ್ಮ ಹೊಸದನ್ನು ಗೂಟಕ್ಕೆ ತೂಗುಹಾಕಿದಳು. ಹಳೆಯದರ ತಲೆಯನ್ನು ಎಂದಿನಂತೆ ನೀರಿನ ಬಾನಿಯಲ್ಲಿ ಮುಳುಗಿಸಿದಳು. ಕಾವು ನೀರು ಕುಡಿದು ಬಿಗಿಯಾಗಬೇಕಲ್ಲ. "ನಾಳೆಯಿಂದ ಮನೆಯ ಸೌದೆ ನಿನ್ನ ಪಾಲಿಗೆ," ಎಂದು ಕಾವನ್ನು ಸವರಿದಳು.

"ನನಗೆ ಸ್ನಾನ ಇಲ್ಲವೇ?" ಎಂದು ಹೊಸದು ಗೂಟದಿಂದ ಕೇಳಿತು.

"ನಿನ್ನಲ್ಲಿ ಸಡಿಲವಾಗುವಂಥದ್ದು ಏನೂ ಇಲ್ಲವಲ್ಲ ಮಗನೇ," ಎಂದಿತು ಹಳೆಯದು, ತಣ್ಣೀರಿನೊಳಗಿಂದ. "ಈ ಸುಖ ನಿನಗೆ ಸಿಗುವುದಿಲ್ಲ."