ಚಕ್ರಕ್ಕೆ ಇಳಿದ ದೊಡ್ಡ ಟವೆಲು

ಕಾರು ತೊಳೆಯುವ ಶೆಡ್ಡಿನ ಹಗ್ಗದ ಮೇಲೆ ಒಂದು ದೊಡ್ಡ ಟವೆಲೂ ಒಂದು ಪುಟ್ಟ ಟವೆಲೂ ಅಕ್ಕತಂಗಿಯರಂತೆ ಬಾಳಿಕೊಂಡಿದ್ದವು. ಅಕ್ಕ ಬಾನೆಟ್ಟಿನ ಮೇಲೆ ಹರಡಿಕೊಂಡು ನೀರು ಹೀರುತ್ತಿದ್ದಳು. ತಂಗಿ ಚಕ್ರದ ಸಂದುಗೊಂದುಗಳಲ್ಲಿ ನುಸುಳಿ ಕೊಳೆ ಒರೆಸುತ್ತಿದ್ದಳು. ದುಡಿದು ದುಡಿದು ತಂಗಿಯ ಮೈ ಸವೆದುಹೋಗಿತ್ತು. ಅದನ್ನು ಕಂಡು ಅಕ್ಕನ ಕರುಳು ಚುರುಕ್ಕೆಂದಿತು.

"ಇವತ್ತು ನೀನು ಬಿಸಿಲಿನಲ್ಲಿ ಮೈ ಆರಿಸಿಕೊ. ಚಕ್ರವನ್ನೂ ನಾನೇ ನೋಡಿಕೊಳ್ಳುತ್ತೇನೆ" ಎಂದಳು.

"ಬೇಡಕ್ಕ, ಆ ಸಂದಿಯಲ್ಲಿ ನೀನು ಹಿಡಿಯುವುದಿಲ್ಲ" ಎಂದಳು ತಂಗಿ.

ಅಕ್ಕ ಕೇಳಲಿಲ್ಲ. ಕಾರು ತೊಳೆಯುವ ಮೌಲಾಲಿ ಹಗ್ಗದತ್ತ ಕೈಚಾಚಿದಾಗ ತಾನೇ ಮುಂದಾದಳು. ಅವಳ ಅರ್ಧ ಮೈ ಚಕ್ರದೊಳಗೆ ತುರುಕಿಕೊಂಡಿತು, ಉಳಿದರ್ಧ ನೆಲದ ಮೇಲೆ ಎಳೆದಾಡಿ ಮರಳು ಮೆತ್ತಿಕೊಂಡಿತು. ಅದೇ ಮೈಯಲ್ಲಿ ಬಾನೆಟ್ಟಿಗೆ ಹೋದಾಗ ಕಪ್ಪು ಬಣ್ಣದ ಉದ್ದಕ್ಕೂ ಗೀರುಗಳು ಬಿದ್ದವು. ಮೌಲಾಲಿ ಅವಳನ್ನು ಗ್ರೀಸು ಒರೆಸುವ ಹಳೆಬಟ್ಟೆಗಳ ಡಬ್ಬಕ್ಕೆ ಹಾಕಿದ.

"ನನ್ನ ಕೆಲಸ ನನಗೇ ಬಿಡಬಾರದಿತ್ತೇ, ಅಕ್ಕಾ?" ಎಂದು ತಂಗಿ ಅತ್ತಳು.

"ನಿನ್ನ ಆಯಾಸವೊಂದೇ ಕಣ್ಣಿಗೆ ಬಿತ್ತು ಕಣೇ, ನನ್ನ ಅಳತೆ ಕಾಣಲಿಲ್ಲ."

ಮರುದಿನ ತಂಗಿ ಎಂದಿನಂತೆ ಚಕ್ರ ಒರೆಸಿ ಹಗ್ಗಕ್ಕೆ ಮರಳಿದಳು. ದಣಿದೆಯಾ ಎಂದು ಕೇಳುವವರು ಮಾತ್ರ ಅಲ್ಲಿ ಯಾರೂ ಇರಲಿಲ್ಲ.