ರಾಣಿಯ ಜೋಗುಳ, ತಗಡಿನ ಪೆಟ್ಟಿಗೆ

"ಕೇಳ್ರಪ್ಪೋ ಕೇಳಿ! ಸೋಗಲಪುರದ ದೊರೆ ಮಲ್ಲಭೂಪರ ಅಪ್ಪಣೆ! ಅರಮನೆಯಲ್ಲಿರುವ ಎರಡು ಪೆಟ್ಟಿಗೆಗಳ ಮೇಲೆ ದೊರೆಗಳು ಮೂರು ಒಗಟು ಕೇಳುತ್ತಾರೆ. ಮನೆಗೊಬ್ಬರು ಬಂದು ಉತ್ತರ ಹೇಳಬೇಕು. ದೊರೆಗಳ ಕಿವಿ ಒಪ್ಪಿದರೆ ಅರ್ಧ ರಾಜ್ಯ. ಒಪ್ಪದಿದ್ದರೆ ಅಮಾವಾಸ್ಯೆಯ ಸಂಜೆ ತಲೆ ಹೋಗುತ್ತದೆ!"

ಆ ರಾಜ್ಯದಲ್ಲಿ ಹಾಡುಗಳನ್ನು ಅಂಕಿಗಳಾಗಿ ಕೂಡಿಡುವ ವಿದ್ಯೆ ಇತ್ತು. ಅಂಕಿಯನ್ನು ಮರಳಿ ದನಿಯಾಗಿಸಲು ಡ್ಯಾಕ್ ಬೇಕು. ಆ ದನಿಗೆ ಬಲ ಕೊಟ್ಟು ಹೆಡ್‌ಫೋನಿಗೆ ದಾಟಿಸಲು ಆಂಪ್ಲಿಫೈಯರ್ ಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ರಾಣಿ ತೀರಿಕೊಂಡ ಮೇಲೆ ಅವಳ ದನಿಯೆಂದು ದೊರೆಗೆ ಉಳಿದದ್ದು ಅವಳು ಮಗುವಿಗೆ ಹಾಡಿದ ಒಂದು ಜೋಗುಳ. ಅದನ್ನು ಕೇಳಲು ಕಡಲಾಚೆಯಿಂದ ಚಿನ್ನದ ಕವಚದ ಪೆಟ್ಟಿಗೆ ತರಿಸಿದ. ಸಾಲದೆಂದು ಸಂತೆಯಿಂದ ಅಗ್ಗದ ತಗಡಿನ ಪೆಟ್ಟಿಗೆಯನ್ನೂ ತರಿಸಿದ. ದಿನವಿಡೀ ಹೆಡ್‌ಫೋನನ್ನು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಬದಲಿಸುತ್ತಾ ಕೂತ. ರಾಜ್ಯಭಾರ ನಿಂತಿತು. ಕೊನೆಗೆ ಈ ಡಂಗುರ.

ಕಂಬಳಿ ನೇಯುವ ಮಾಳಿಂಗ ತನ್ನ ಮನೆಯ ಪರವಾಗಿ ಹೋದವನು ತಿರುಗಿ ಬರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಅವನ ತಮ್ಮ ಬೀರ ಅರಮನೆಗೆ ಬಂದ. ಸೆರೆಮನೆಯ ಕಿಂಡಿಯಲ್ಲಿ ಅಣ್ಣನ ಮುಖ ಕಂಡಿತು.

"ನೀನ್ಯಾಕೋ ಬಂದೆ? ಅವ್ವನ ಹತ್ರ ಒಬ್ಬನಾದ್ರೂ ಇರ್ಲಿ ಅಂತ ತಾನೆ ನಾನು ಬಂದದ್ದು?"

"ಅವ್ವನೇ ಕಳಿಸಿದ್ಳು ಅಣ್ಣ. ಬಂದ್ರೆ ಇಬ್ರೂ ಬನ್ನಿ, ಇಲ್ಲಾಂದ್ರೆ ಇಬ್ರೂ ಬರಬೇಡಿ ಅಂದ್ಳು."

"ಆ ಪೆಟ್ಟಿಗೆ ವಿಷಯ ನಿಂಗೇನು ಗೊತ್ತು?"

"ಏನೂ ಗೊತ್ತಿಲ್ಲ."

"ನಂಗೂ ಅಷ್ಟೇ ಗೊತ್ತಿತ್ತು," ಅಂದ ಮಾಳಿಂಗ.

ಆಸ್ಥಾನದಲ್ಲಿ ಬೀರನ ಮುಂದೆ ಇಬ್ಬರಿದ್ದರು. ನಗರಶೆಟ್ಟಿಯ ಮಗನಿಗೆ ದೊರೆ ಮೊದಲ ಒಗಟು ಕೇಳಿದ: "ಅದೇ ಜೋಗುಳ, ಅದೇ ಹೆಡ್‌ಫೋನ್. ಚಿನ್ನದ ಪೆಟ್ಟಿಗೆಯಲ್ಲಿ ರಾಣಿ ಹತ್ತಿರ ಕೂತು ಹಾಡುತ್ತಾಳೆ, ತಗಡಿನದರಲ್ಲಿ ದೂರ ನಿಂತು ಹಾಡುತ್ತಾಳೆ. ಯಾಕೆ?"

"ಚಿನ್ನದ ಗುಣ, ಪ್ರಭು! ತಗಡಿಗೆ ಆ ಯೋಗ್ಯತೆ ಎಲ್ಲಿಂದ ಬರಬೇಕು?"

"ಎಲ್ಲರೂ ಇದನ್ನೇ ಹೇಳಿದರು. ಚಿನ್ನದ ಕವಚ ತೆಗೆಸಿಯೂ ಕೇಳಿದ್ದೇನೆ, ಹಾಗೇ ಇದೆ," ಅಂದ ದೊರೆ. ಭಟರು ಅವನನ್ನು ಕರೆದೊಯ್ದರು. ಆಸ್ಥಾನದ ವೈಣಿಕ ರಾಗ, ಶ್ರುತಿ ಎಂದು ಬಹಳ ಹೊತ್ತು ಮಾತಾಡಿದ. ಅವನನ್ನೂ ಕರೆದೊಯ್ದರು.

ಬೀರನ ಸರದಿ ಬಂತು. ಹೆಡ್‌ಫೋನ್ ಹಾಕಿಕೊಂಡ. ಎರಡರಲ್ಲೂ ಕೇಳಿದ.

"ಬುದ್ಧಿ, ತಗಡಿನದರ ಸದ್ದಿನ ಗುಂಡಿ ಒಂಚೂರು ಜಾಸ್ತಿ ಮಾಡಬೌದಾ?"

ಮಂತ್ರಿ ಎದ್ದು ನಿಂತ. "ಏ! ದೊರೆಗಳ ಕೈ ಇಟ್ಟದ್ದನ್ನು ಇನ್ನೊಬ್ಬರು ಕದಲಿಸಬಾರದು. ಇದು ತಲೆತಲಾಂತರದ ಕಟ್ಟಳೆ!"

"ಎರಡು ಗುಂಡಿಯನ್ನೂ ನಾನೇ ಒಂದೇ ಗೆರೆಗೆ ಇಟ್ಟಿದ್ದೇನೆ," ಅಂದ ದೊರೆ.

"ನಾನು ಮುಟ್ಟಲ್ಲ ಬುದ್ಧಿ. ನೀವೇ ತಿರುಗಿಸಿ. ನಂಗೆ ಬೇರೆ ದಾರಿ ಗೊತ್ತಿಲ್ಲ."

ದೊರೆಗೆ ಹೀಗೆ ಕೆಲಸ ಹೇಳುವ ಧೈರ್ಯ ಅದುವರೆಗೆ ಯಾರಿಗೂ ಬಂದಿರಲಿಲ್ಲ. ದೊರೆ ತಿರುಗಿಸಿದ. ಕೇಳಿದ. ಇನ್ನೂ ಕೂದಲೆಳೆಯಷ್ಟು ತಿರುಗಿಸಿದ. ತಗಡಿನ ಪೆಟ್ಟಿಗೆಯಿಂದ ರಾಣಿ ಹತ್ತಿರ ಬಂದು ಕೂತಳು.

"ಚಿನ್ನದ್ದು ಸ್ವಲ್ಪ ಗಟ್ಟಿಯಾಗಿ ಕೂಗ್ತಿತ್ತು ಬುದ್ಧಿ, ಅಷ್ಟೇ. ಗೆರೆ ಒಂದೇ ಆದ್ರೂ ಪೆಟ್ಟಿಗೆ ಬೇರೆ ಅಲ್ವಾ?"

ದೊರೆ ಒಪ್ಪಿದ. ಎರಡನೆಯ ಒಗಟು ಕೇಳುವಾಗ ಅವನ ದನಿ ತಗ್ಗಿತು. "ಹಾಡು ಮುಗಿದ ಮೇಲೂ ಚಿನ್ನದ ಪೆಟ್ಟಿಗೆಯಲ್ಲಿ ಏನೋ ಒಂದು ಉಳಿಯುತ್ತದೆ. ತಗಡಿನದರಲ್ಲಿ ಅದು ಇಲ್ಲ. ಏನದು?"

ಬೀರ ಕೇಳಿದ. ಸುಯ್ ಎಂದು, ಮೊರದಿಂದ ಸಣ್ಣ ಮರಳು ಜಾರಿದ ಹಾಗೆ. ದೊರೆಯ ಮುಖ ನೋಡಿದ. ಏನು ಹೇಳಿದರೆ ಆ ಮುಖಕ್ಕೆ ಹಿತ ಎಂಬುದು ಅವನಿಗೆ ಹೊಳೆಯಿತು. ಆದರೆ ಹಿತವಾದ ಮಾತಾಡಿದವರೆಲ್ಲ ಕಿಂಡಿಯ ಆಚೆ ಇದ್ದರು.

"ಹಾಡು ಬರೋ ತಂತಿ ಕಿತ್ತು ಕೇಳಿ ಬುದ್ಧಿ."

ದೊರೆ ತನ್ನ ಕೈಯಾರೆ ಕಿತ್ತ. ಪೆಟ್ಟಿಗೆಗೆ ಈಗ ಯಾವ ಹಾಡೂ ತಲುಪುತ್ತಿರಲಿಲ್ಲ. ಸುಯ್ಯೆನ್ನುವುದು ಹಾಗೆಯೇ ಇತ್ತು.

"ಅದು ಪೆಟ್ಟಿಗೆಯದೇ ಸದ್ದು."

"ಅವಳ ಉಸಿರು ಅಂದುಕೊಂಡಿದ್ದೆ," ಅಂದ ದೊರೆ. ಸಭೆಯಲ್ಲಿ ಯಾರೂ ತಲೆ ಎತ್ತಲಿಲ್ಲ.

ಆಮೇಲೆ ಮೂರನೆಯ ಒಗಟು ಬಂತು. "ಯಾವ ಪೆಟ್ಟಿಗೆ ತಂದರೂ ಅವಳು ಬರಲಿಲ್ಲ. ಪೆಟ್ಟಿಗೆಗೆ ಏನು ಕಮ್ಮಿ?"

ಬೀರ ತಗಡಿನ ಪೆಟ್ಟಿಗೆಯಲ್ಲಿ ಜೋಗುಳವನ್ನು ಮೊದಲಿಂದ ಕೇಳಿದ. ಹೊರಗೆ ಬಿಸಿಲು ಇಳಿಯುತ್ತಿತ್ತು. ಕತ್ತಿ ಮಸೆಯುವ ಸದ್ದು ಅಂಗಳದಿಂದ ಬರುತ್ತಿತ್ತು.

"ಏನೂ ಕಮ್ಮಿ ಇಲ್ಲ ಬುದ್ಧಿ. ಬಳೆ ಸದ್ದಿದೆ. ಮಗು ಮುಲುಗಿದ್ದಿದೆ. ಹಿಂದೆ ಯಾರೋ ಕೆಮ್ಮಿದ್ದೂ ಇದೆ."

"ಕೆಮ್ಮಿದ್ದು ನಾನು."

"ಆವತ್ತು ಅಲ್ಲಿ ಕೇಳಿಸಿದ್ದೆಲ್ಲ ಇದೆ. ಇದು ತನ್ನದೇನೂ ಸೇರಿಸಿಲ್ಲ, ಏನೂ ಕದ್ದಿಲ್ಲ. ಯಾರು ಎಷ್ಟು ಒಳ್ಳೆ ಪೆಟ್ಟಿಗೆ ಮಾಡಿದ್ರೂ ಇಷ್ಟೇ."

"ಹಾಗಾದರೆ ಅವಳು?"

"ಅದು ನನ್ನ ಕೈಲಿಲ್ಲ ಬುದ್ಧಿ. ಪೆಟ್ಟಿಗೆ ಕೈಲೂ ಇಲ್ಲ."

ಇನ್ನು ತಲೆ ಹೋಯಿತೆಂದು ಬೀರ ಕಣ್ಣು ಮುಚ್ಚಿದ. ಕಿವಿಗೆ ಬಿದ್ದದ್ದು ದೊರೆಯ ಸಣ್ಣ ದನಿ. "ಇದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಬೇರೆ ಏನಾದರೂ ಉತ್ತರ ಇರಬಹುದು ಅಂದುಕೊಂಡಿದ್ದೆ." ಆಮೇಲೆ ಹೇಳಿದ: "ಅರ್ಧ ರಾಜ್ಯ ನಿನ್ನದು."

"ನಾನು ಏನು ಮಾಡ್ಲಿ ಅದನ್ನ? ಅಣ್ಣನ್ನ ಬಿಡಿ. ಉಳಿದವರನ್ನೂ ಬಿಡಿ."

ಸೆರೆಮನೆ ತೆರೆಯಿತು. ಕುರಿ ಮೇಯುವ ಗುಡ್ಡದ ಸಾಲನ್ನೆಲ್ಲ ದೊರೆ ಬೀರನ ಮನೆಗೆ ಬಿಟ್ಟುಕೊಟ್ಟ. ಚಿನ್ನದ ಪೆಟ್ಟಿಗೆಯನ್ನೂ ಕೊಡಬಂದ, ಬೀರ ಬೇಡವೆಂದ. ಅಣ್ಣತಮ್ಮಂದಿರು ಕತ್ತಲಾಗುವ ಮೊದಲೇ ಊರ ದಾರಿ ಹಿಡಿದರು. ಅವ್ವ ಹೇಳಿದಂತೆ, ಇಬ್ಬರೂ.

ಆಸ್ಥಾನ ಖಾಲಿಯಾಯಿತು. ದೊರೆ ತಗಡಿನ ಪೆಟ್ಟಿಗೆಯ ಮುಂದೆ ಕೂತು ಜೋಗುಳವನ್ನು ಕೊನೆಯವರೆಗೆ ಕೇಳಿದ. ಹಾಡು ಮುಗಿದ ಮೇಲೂ ಹೆಡ್‌ಫೋನ್ ತೆಗೆಯಲಿಲ್ಲ. ಪೆಟ್ಟಿಗೆ ಒಳ್ಳೆಯದೇ ಇತ್ತು. ಅದರಲ್ಲಿ ಯಾವ ಸದ್ದೂ ಇರಲಿಲ್ಲ.